ಮುಂಬಯಿಯಲ್ಲಿ ನೋಡತಕ್ಕವು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ಪರೀಕ್ಷೆಯ ಪ್ರಬಂಧದ ಮೊದಲನೆಯ ಸಾಲಿನಲ್ಲಿಯೇ ಬರೆದು ಅರ್ಧ ಅಂಕವನ್ನಾದರೂ ಸಂಪಾದಿಸುತ್ತಾನೆ. ಕೋಶ ಓದುವ ಕೆಲಸವು ಶಾಲೆಯ ದೆಸೆಯಿಂದ ಹೇಗೋ ನಡೆಯುತ್ತದೆ. ದೇಶ ಸುತ್ತುವ ಕೆಲಸ ಮಾತ್ರ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ, ಪಂಢರಪುರದ ವಾರಿ, ಹೆಚ್ಚೆಂದರೆ ವಿಜಾಪುರದ ಗೋಲಗುಮ್ಮಟ, ಇಷ್ಟಕ್ಕೇ ನಿಂತುಬಿಡುತ್ತದೆ. ಆದುದರಿಂದ ಮೇಲಿನ ತರಗತಿಗಳ ಮಕ್ಕಳನ್ನು ಮುಂಬಯಿಗೆ ಸಹಲಿಗೆ ಕರೆದೊಯ್ಯುವ ವಿಚಾರವನ್ನು ನಾವು ಪಾಲಕರ ಮುಂದಿಟ್ಟೆವು. ಆಗ ಎರಡು ಬಗೆಯ ಮಾತುಗಳನ್ನು ಕೇಳಬೇಕಾಯಿತು. "ಅಷ್ಟು ರೊಕ್ಕ ಸುರಿದು ಸಿನಿಮಾ ನಟರ ಮನೆ ನೋಡಿ ಬರುವುದೇನು, ಮಾಸ್ತರ?" ಎಂದು ಕೆಲವರು ಕೇಳಿದರು. "ಒಮ್ಮೆ ಮುಂಬಯಿ ಕಂಡ ಹುಡುಗ ಮತ್ತೆ ಹೊಲದ ಬದುವಿಗೆ ಕಾಲಿಡುವನೇ?" ಎಂಬುದು ಇನ್ನು ಕೆಲವರ ಅಳುಕು.

ಎರಡೂ ಮಾತುಗಳನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೆ ಒಂದು ಸಂಗತಿಯನ್ನು ಪಾಲಕರು ವಿಚಾರಿಸಬೇಕು. ನಾವು ಕರೆದೊಯ್ಯಲಿ, ಬಿಡಲಿ, ಈ ಮಕ್ಕಳಲ್ಲಿ ಅನೇಕರು ಇನ್ನು ನಾಲ್ಕಾರು ವರ್ಷಗಳಲ್ಲಿ ನೌಕರಿಯನ್ನು ಅರಸಿ ಮುಂಬಯಿಗೋ ಪುಣೆಗೋ ಹೋಗತಕ್ಕವರೇ ಆಗಿದ್ದಾರೆ. ಹೊಟ್ಟೆಯ ಚಿಂತೆಯನ್ನು ತಲೆಯ ಮೇಲೆ ಹೊತ್ತು ಅಲ್ಲಿ ಇಳಿದವನಿಗೆ ಆ ನಗರ ಕಾಣುವುದಿಲ್ಲ; ಖೋಲಿಯ ಬಾಡಿಗೆ ಕಾಣುತ್ತದೆ, ಲೋಕಲ್ ಗಾಡಿಯ ವೇಳೆ ಕಾಣುತ್ತದೆ. ಅದು ದೊಡ್ಡದು, ನಾನು ಸಣ್ಣವನು, ನನ್ನ ಭಾಷೆ ಇಲ್ಲಿ ಯಾರಿಗೂ ಬೇಡ ಎಂಬ ಭಾವನೆ ಮೊದಲನೆಯ ದಿನವೇ ಮನಸ್ಸಿನಲ್ಲಿ ಬೇರೂರಿದರೆ ಅದನ್ನು ಕೀಳುವುದು ಕಷ್ಟ. ಮೊದಲನೆಯ ಸಾರಿ ಅವನು ಆ ಊರನ್ನು ವಿದ್ಯಾರ್ಥಿಯಾಗಿ, ಗುರುಗಳೊಡನೆ, ಕೈಯಲ್ಲಿ ವಹಿ ಹಿಡಿದು ನೋಡಲಿ ಎಂಬುದೇ ನಮ್ಮ ಅಪೇಕ್ಷೆ. ನಟರ ಮನೆಗಳು ನಮ್ಮ ಪಟ್ಟಿಯಲ್ಲಿಲ್ಲ. ಏನಿವೆ ಎಂಬುದನ್ನು ಕೆಳಗೆ ಬರೆಯುತ್ತೇವೆ. ಸಹಲಿಗೆ ಬರುವವರು ಹೋಗುವ ಮೊದಲೇ ಇದನ್ನು ಎರಡು ಸಲ ಓದತಕ್ಕದ್ದು.

ಮೊದಲು ಭೂಗೋಳ. ನಾವು ಇಂದು ಒಂದೇ ನೆಲವೆಂದು ತಿಳಿಯುವ ಹಳೆಯ ಮುಂಬಯಿ ವಾಸ್ತವವಾಗಿ ಏಳು ನಡುಗಡ್ಡೆಗಳು. ಪೋರ್ತುಗೀಜರ ಕೈಯಲ್ಲಿದ್ದ ಮುಂಬಯಿ ದ್ವೀಪವು ೧೬೬೧ರ ವಿವಾಹದ ಒಡಂಬಡಿಕೆಯಲ್ಲಿ ಅವರ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಸಂದಿತು. ೧೬೬೮ರಲ್ಲಿ ಆ ದೊರೆ ಅದನ್ನು ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟನು. ಮುಂದೆ ನಡುನಡುವಿನ ಕೊಲ್ಲಿಗಳಿಗೆ ಒಡ್ಡು ಹಾಕಿ, ಮಣ್ಣು ತುಂಬಿ, ಏಳನ್ನೂ ಒಂದು ಮಾಡಿದರು. ನೀವು ಬಸ್ಸಿನಲ್ಲಿ ಹೋಗುವ ಎಷ್ಟೋ ಬೀದಿಗಳ ಕೆಳಗೆ ಒಂದು ಕಾಲಕ್ಕೆ ಮೀನುಗಳು ಆಡುತ್ತಿದ್ದವು.

ನಮ್ಮ ಕಡೆಯ ರಾತ್ರಿಯ ಗಾಡಿ ಬೆಳಗಾಗುವ ಹೊತ್ತಿಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸನ್ನು ಮುಟ್ಟುತ್ತದೆ. ಹೆಚ್ಚಿನ ಪ್ರವಾಸಿಗರು ಇಳಿದ ಕೂಡಲೇ ಗಂಟುಮೂಟೆ ಎತ್ತಿಕೊಂಡು ಹೊರಗೆ ಓಡುತ್ತಾರೆ. ಮುಂಬಯಿಯ ಪ್ರಥಮ ಪ್ರೇಕ್ಷಣೀಯ ಸ್ಥಾನದಲ್ಲಿಯೇ ತಾವು ಇಳಿದಿದ್ದೇವೆಂಬುದು ಅವರಿಗೆ ತಿಳಿಯುವುದಿಲ್ಲ. ಇಲ್ಲಿಯೇ, ಆಗಿನ ಬೋರಿಬಂದರಿನಿಂದ, ೧೮೫೩ನೆಯ ಇಸವಿ ಏಪ್ರಿಲ್ ೧೬ರಂದು ಭಾರತದ ಮೊದಲನೆಯ ಪ್ರಯಾಣಿಕರ ಉಗಿಬಂಡಿಯು ೧೪ ಡಬ್ಬಿಗಳಲ್ಲಿ ಸುಮಾರು ೪೦೦ ಜನರನ್ನು ಹೊತ್ತು ೩೪ ಕಿಲೋಮೀಟರು ದೂರದ ಠಾಣೆಗೆ ಹೊರಟಿತು. ಈಗಿನ ಕಟ್ಟಡ ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿಯ ಕೃತಿ. ೧೮೭೮ರಲ್ಲಿ ಕೆಲಸಕ್ಕೆ ಕೈಹಚ್ಚಿ ಹತ್ತು ವರ್ಷಗಳಲ್ಲಿ ಮುಗಿಸಿದರು. ವಿಕ್ಟೋರಿಯಾ ರಾಣಿಯ ಹೆಸರನ್ನು ಹೊತ್ತಿದ್ದ ಅದಕ್ಕೆ ೧೯೯೬ರಲ್ಲಿ ಶಿವಾಜಿಯ ಹೆಸರು ಬಂದಿತು. ೨೦೦೪ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ಜಾಗತಿಕ ಪರಂಪರೆಯ ತಾಣವೆಂದು ಮನ್ನಿಸಿತು. ಹೊರಗಿನ ದ್ವಾರದ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ ಕುಳಿತಿವೆ. ಸಿಂಹವು ಬ್ರಿಟನ್ನಿನ ಚಿಹ್ನೆ, ಹುಲಿಯು ಭಾರತದ್ದು. ಗೋಡೆಗಳ ಮೇಲೆ ನವಿಲು, ಮಂಗ, ಎಲೆ, ಬಳ್ಳಿಗಳನ್ನು ಎಣಿಸಲು ಹೋದರೆ ದಿನವೇ ಸಾಲದು, ಮುಂಬಯಿಯ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಈ ಕೆತ್ತನೆಯ ಕೆಲಸದಲ್ಲಿ ಪಾಲುಗೊಂಡಿದ್ದರೆಂಬುದನ್ನು ಚಿತ್ರಕಲೆಯ ತಾಸನ್ನು ವ್ಯರ್ಥವೆಂದು ಭಾವಿಸುವವರು ನೆನೆಯಲಿ.

ಅಲ್ಲಿಂದ ಹತ್ತು ಹೆಜ್ಜೆ ನಡೆದರೆ ಮುಖ್ಯ ಅಂಚೆಯ ಕಚೇರಿ. ಮುಂಬಯಿಯ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಗಳಲ್ಲಿ ಇದರ ಹೆಸರು ವಿರಳ. ನಾವಾದರೋ ಮಕ್ಕಳನ್ನು ಇದರ ಮುಂದೆ ನಿಲ್ಲಿಸಿ, "ಇದನ್ನು ಎಲ್ಲಿಯೋ ನೋಡಿದ್ದೀರಲ್ಲ?" ಎಂದು ಕೇಳತಕ್ಕವರೇ. ವಿಜಾಪುರಕ್ಕೆ ಹೋಗಿ ಬಂದ ಹುಡುಗನು ಕ್ಷಣದಲ್ಲಿ ಉತ್ತರ ಕೊಡಬಲ್ಲನು: ಗೋಲಗುಮ್ಮಟ! ಜಾನ್ ಬೆಗ್ ಎಂಬವನು ಯೋಜಿಸಿ ೧೯೧೩ರಲ್ಲಿ ಪೂರ್ತಿಯಾದ ಈ ಕಚೇರಿಯ ಗುಮ್ಮಟಕ್ಕೆ ಮಾದರಿಯಾದುದು ೧೬೫೬ರಲ್ಲಿ ಮುಗಿದ ಮಹಮ್ಮದ ಆದಿಲಶಹನ ಸಮಾಧಿ. ಇದರ ವ್ಯಾಸ ೬೫ ಅಡಿ. ಮೂಲದ ಗುಮ್ಮಟ ಒಳಗಿನಿಂದಲೇ ಸುಮಾರು ೧೨೪ ಅಡಿ. ಎಂದರೆ ಮಗಳು ತಾಯಿಯ ಅರ್ಧದಷ್ಟು ಬೆಳೆದಿದ್ದಾಳೆ. ಮುಂಬಯಿಯ ದೊಡ್ಡಸ್ತಿಕೆಗೆ ಬೆರಗಾಗಿ ನಿಂತ ನಮ್ಮ ಮಕ್ಕಳು, ಈ ನಗರವನ್ನು ಕಟ್ಟಿದವರು ಪಾಠ ಕಲಿಯಲು ವಿಜಾಪುರಕ್ಕೆ ಹೋಗಿದ್ದರೆಂಬುದನ್ನು ಅರಿತಾಗ ಅವರ ಮುಖದಲ್ಲಿ ಮೂಡುವ ಕಳೆಯನ್ನು ಪಾಲಕರೂ ನೋಡಬೇಕಾಗಿತ್ತು.

ಇದೇ ಮಾತು ವಸ್ತುಸಂಗ್ರಹಾಲಯಕ್ಕೂ ಸಲ್ಲುತ್ತದೆ. ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೆಂಬ ಹೆಸರುಳ್ಳ ಈ ಕಟ್ಟಡಕ್ಕೆ ೧೯೦೫ರಲ್ಲಿ ಅಡಿಗಲ್ಲು ಬಿದ್ದು, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿ, ಕಟ್ಟಕಡೆಗೆ ೧೯೨೨ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಜಾರ್ಜ್ ವಿಟೆಟ್ ಇದರ ಶಿಲ್ಪಿ; ನಡುವಿನ ಗುಮ್ಮಟದಲ್ಲಿ ಮತ್ತೆ ವಿಜಾಪುರದ ನೆರಳು. ಆದರೆ ನಾವು ಅಲ್ಲಿಗೆ ಹೋಗುವುದು ಗುಮ್ಮಟಕ್ಕಾಗಿ ಅಲ್ಲ. ಕೆಳಗಿನ ಶಿಲ್ಪಗಳ ಶಾಲೆಯಲ್ಲಿ, ಗಾಂಧಾರದ ಬುದ್ಧನನ್ನೂ ಇತರ ನಾಡುಗಳ ಮೂರ್ತಿಗಳನ್ನೂ ನೋಡುತ್ತ ಬಂದರೆ, ಬ್ರಹ್ಮನೇ ಮೊದಲಾದ ದೇವತೆಗಳನ್ನು ಕೆತ್ತಿದ ದೊಡ್ಡ ಹಾಸುಗಲ್ಲುಗಳು ಎದುರಾಗುತ್ತವೆ. ಅವು ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ಕಲ್ಲುಗಳು. ಬಾದಾಮಿಯ ಚಾಲುಕ್ಯರ ಕಾಲದವು, ಕ್ರಿಸ್ತಶಕ ೭ನೆಯ ಶತಮಾನದವು. ನಮ್ಮ ಊರಿನಿಂದ ಮುಂಬಯಿಗಿಂತ ಐಹೊಳೆಯೇ ಹತ್ತಿರ. ಗುಡಿಯಲ್ಲಿದ್ದಾಗ ಭಕ್ತನು ಕತ್ತೆತ್ತಿ ನೋಡಬೇಕಾಗಿದ್ದ ದೇವತೆಗಳು ಇಲ್ಲಿ ಕಣ್ಣಿನ ಎದುರಿಗೇ ಇವೆ. ಆದುದರಿಂದ ಬೆರಳ ಉಗುರು, ಆಭರಣದ ಮಣಿ, ಒಂದೊಂದನ್ನೂ ನಿಧಾನವಾಗಿ ನೋಡಲು ಸಾಧ್ಯ.

ಹಿಂದೊಮ್ಮೆ ಈ ಕಲ್ಲಿನ ಮುಂದೆ ನಿಂತಾಗ ಎಂಟನೆಯ ಇಯತ್ತೆಯ ಒಬ್ಬ ಬಾಲಕಿಯು, "ಹಾಗಾದರೆ ಆ ಗುಡಿಯ ಮಾಳಿಗೆಯಲ್ಲಿ ಈಗ ಏನಿದೆ, ಸರ್?" ಎಂದು ಕೇಳಿದಳು. ಕೆಲಸದ ಪ್ರಶ್ನೆ. ಬಿಸಿಲು ಮಳೆಗಳಿಂದಲೂ ಕಳ್ಳರಿಂದಲೂ ಕಾಪಾಡಿದುದು ಸಂಗ್ರಹಾಲಯದ ಉಪಕಾರ; ಲಕ್ಷಾವಧಿ ಜನ ನೋಡುವಂತೆ ಮಾಡಿದುದೂ ಉಪಕಾರವೇ. ಆದರೂ ಗುಡಿಯಿಂದ ಬೇರ್ಪಟ್ಟ ಕಲ್ಲು ತನ್ನ ಮಾತಿನ ಅರ್ಧವನ್ನು ಅಲ್ಲಿಯೇ ಬಿಟ್ಟು ಬಂದಿರುತ್ತದೆ. ಎರಡೂ ನಿಜ. ಮುಂದಿನ ವರ್ಷ ಐಹೊಳೆಗೇ ಸಹಲು ಹೊರಡಬೇಕೆಂದು ನಾವು ಯೋಚಿಸಿರುವುದಕ್ಕೆ ಆ ಪ್ರಶ್ನೆಯೂ ಒಂದು ಕಾರಣ.

ಸಂಗ್ರಹಾಲಯದಿಂದ ಸಮುದ್ರದ ಕಡೆಗೆ ನಡೆದರೆ ಗೇಟವೇ ಆಫ್ ಇಂಡಿಯಾ. ೨೬ ಮೀಟರು ಎತ್ತರದ ಈ ಕಮಾನಿನ ಚಿತ್ರವನ್ನು ನೋಡದವರಿಲ್ಲ. ಐದನೆಯ ಜಾರ್ಜ್ ಚಕ್ರವರ್ತಿಯು ೧೯೧೧ರ ಡಿಸೆಂಬರಿನಲ್ಲಿ ಇಲ್ಲಿ ಬಂದಿಳಿದುದರ ನೆನಪಿಗೆ ಕಟ್ಟಿದ್ದೆಂದು ಪುಸ್ತಕಗಳು ಹೇಳುತ್ತವೆ, ಸರಿಯೇ. ಆದರೆ ಚಕ್ರವರ್ತಿ ಬಂದಾಗ ಇಲ್ಲಿ ಈ ಕಮಾನು ಇರಲಿಲ್ಲ, ರಟ್ಟಿನ ಮಾದರಿಯೊಂದಿತ್ತಷ್ಟೆ. ಕಲ್ಲಿನ ಕಟ್ಟಡ ಪೂರ್ಣಗೊಂಡು ಉದ್ಘಾಟನೆಯಾದುದು ೧೯೨೪ರ ಡಿಸೆಂಬರ್ ೪ರಂದು. ಅದಾಗಿ ಇಪ್ಪತ್ತನಾಲ್ಕು ವರ್ಷ ತುಂಬುವುದರೊಳಗಾಗಿ, ೧೯೪೮ರ ಫೆಬ್ರುವರಿ ೨೮ರಂದು, ಸ್ವತಂತ್ರ ಭಾರತವನ್ನು ಬಿಟ್ಟು ಹೊರಟ ಬ್ರಿಟಿಷ್ ಸೈನ್ಯದ ಕೊನೆಯ ತುಕಡಿಯು ಇದೇ ಕಮಾನಿನ ಅಡಿಯಿಂದ ಹಾಯ್ದು ಹಡಗನ್ನೇರಿತು. ಸ್ವಾಗತಕ್ಕೆಂದು ಕಟ್ಟಿದ ಬಾಗಿಲು ಬೀಳ್ಕೊಡುವುದಕ್ಕೆ ಒದಗಿತು. ಎದುರಿನ ತಾಜಮಹಲ ಹೋಟೆಲು ೧೯೦೩ರದು. ೨೦೦೮ರ ನವೆಂಬರ್ ೨೬ರ ರಾತ್ರಿಯ ಭಯೋತ್ಪಾದಕರ ದಾಳಿಯಲ್ಲಿ ಈ ಹೋಟೆಲೂ ನಾವು ಬೆಳಿಗ್ಗೆ ಇಳಿದ ರೇಲ್ವೆ ನಿಲ್ದಾಣವೂ ರಕ್ತವನ್ನು ಕಂಡವು. ಮಕ್ಕಳು ಅಲ್ಲಿ ಎರಡು ನಿಮಿಷ ಮೌನವಾಗಿ ನಿಲ್ಲಲಿ.

ಗೇಟವೇಯ ಮೆಟ್ಟಿಲುಗಳಿಂದ ಲಾಂಚು ಹತ್ತಿದರೆ ಸುಮಾರು ಒಂದು ತಾಸಿನಲ್ಲಿ ಘಾರಾಪುರಿ. ಇದನ್ನೇ ಜಗತ್ತು ಎಲಿಫೆಂಟಾ ಎನ್ನುತ್ತದೆ. ಸೋಮವಾರ ಗವಿಗಳಿಗೆ ರಜೆ. ಮಳೆಗಾಲದಲ್ಲಿ ಲಾಂಚಿನ ಭರವಸೆಯಿಲ್ಲ. ಇಳಿದ ಮೇಲೆ ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಬೇಕು, ಮಂಗಗಳ ಕೈಗೆ ಬುತ್ತಿ ಸಿಕ್ಕದಂತೆ ನೋಡಿಕೊಳ್ಳಬೇಕು. ಮುಖ್ಯ ಗವಿಯು ಕ್ರಿಸ್ತಶಕ ೬ನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಇಲ್ಲಿ ಒಂದೊಂದು ಕಲ್ಲನ್ನು ತಂದು ಜೋಡಿಸಿ ಕಟ್ಟಿದುದು ಯಾವುದೂ ಇಲ್ಲ. ಗುಡ್ಡದ ಬಂಡೆಯನ್ನೇ ಒಳಗಿನಿಂದ ಕಡೆಯುತ್ತ ಹೋಗಿ, ಕಂಬವಾಗಬೇಕಾದುದನ್ನು ಉಳಿಸಿ, ಉಳಿದುದನ್ನು ಹೊರಗೆ ಹಾಕಿದ್ದಾರೆ. ಉಳಿಯ ಒಂದು ಏಟು ತಪ್ಪಿದರೆ ತಿದ್ದಲು ಬೇರೊಂದು ಕಲ್ಲು ಇಲ್ಲ!

ಹೊರಗಿನ ಬೆಳಕಿನಿಂದ ಒಳಗೆ ಹೋದೊಡನೆ ಏನೂ ಕಾಣುವುದಿಲ್ಲ. ಆಗ ಗದ್ದಲ ಮಾಡದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಣ್ಣು ಕತ್ತಲೆಗೆ ಒಗ್ಗಿದ ಹಾಗೆ ಎದುರಿನ ಗೋಡೆಯಿಂದ ಮೂರು ಆಳಿನೆತ್ತರಕ್ಕೂ ಮಿಗಿಲಾದ ಮೂರು ಮುಖಗಳು ಮೆಲ್ಲಮೆಲ್ಲನೆ ಹೊರಬರುತ್ತವೆ. ಜನರು ಇದನ್ನು ತ್ರಿಮೂರ್ತಿ ಎನ್ನುತ್ತಾರೆ. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಮಾರ್ಗದರ್ಶಿಗಳೂ ಹೇಳಿಯಾರು. ವಾಸ್ತವವಾಗಿ ಮೂರೂ ಶಿವನ ಮುಖಗಳೇ. ನಮ್ಮ ಎಡಗಡೆಗೆ ಹುಬ್ಬು ಗಂಟಿಕ್ಕಿದ ಅಘೋರ, ಬಲಗಡೆಗೆ ಹೆಣ್ಣಿನ ಸೌಮ್ಯತೆಯುಳ್ಳ ವಾಮದೇವ, ನಡುವೆ ಕಣ್ಮುಚ್ಚಿ ತನ್ನೊಳಗೆ ತಾನಿರುವ ತತ್ಪುರುಷ. ಪಂಚಮುಖಗಳ ಹೆಸರನ್ನು ಮನೆಯಲ್ಲಿ ಹಿರಿಯರ ಬಾಯಿಂದ ಕೇಳಿ ಬಲ್ಲ ನಮ್ಮ ಮಕ್ಕಳಿಗೆ ಇದನ್ನು ವಿವರಿಸಲು ಪರದೇಶದ ಪ್ರವಾಸಿಗನಿಗೆ ಬೇಕಾಗುವಷ್ಟು ಶ್ರಮ ಬೇಕಾಗುವುದಿಲ್ಲ. ಅಕ್ಕಪಕ್ಕದ ಗೋಡೆಗಳಲ್ಲಿ ಅರ್ಧನಾರೀಶ್ವರ, ಗಂಗಾಧರ, ಶಿವಪಾರ್ವತಿಯರ ಕಲ್ಯಾಣ, ಕೈಲಾಸವನ್ನು ಅಲುಗಿಸಿದ ರಾವಣ. ಅನೇಕ ಮೂರ್ತಿಗಳ ಕೈಕಾಲುಗಳು ಭಗ್ನವಾಗಿವೆ. ಕಾಲವೂ ಕೆಡಿಸಿದೆ, ಮನುಷ್ಯನೂ ಕೆಡಿಸಿದ್ದಾನೆ. ಗೋಡೆಯ ಮೇಲೆ ತಮ್ಮ ಹೆಸರು ಕೊರೆಯುವ ಪುಣ್ಯಾತ್ಮರು ಆ ಪರಂಪರೆಯವರೇ.

ಘಾರಾಪುರಿಗೂ ಕನ್ನಡ ನಾಡಿಗೂ ಒಂದು ನಂಟು ಇದ್ದಿರಬಹುದು. ಐಹೊಳೆಯ ಮೇಗುತಿ ದೇವಾಲಯದಲ್ಲಿ ರವಿಕೀರ್ತಿಯು ೬೩೪ರಲ್ಲಿ ಕೆತ್ತಿಸಿದ ಶಾಸನವು, ಇಮ್ಮಡಿ ಪುಲಕೇಶಿಯು ಪಡುಗಡಲಿನ ಪುರಿಯೆಂಬ ನಗರವನ್ನು ನೌಕೆಗಳಿಂದ ಮುತ್ತಿ ಗೆದ್ದನೆಂದು ಹೇಳುತ್ತದೆ. ಆ ಪುರಿಯು ಇದೇ ಘಾರಾಪುರಿಯೆಂದು ಕೆಲವು ವಿದ್ವಾಂಸರ ಮತ. ಬೇರೆ ಮತಗಳೂ ಇವೆ. ಇನ್ನು ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದ ಕಲ್ಲಾನೆ ಎಲ್ಲಿ ಎಂದು ಹುಡುಕಬೇಡಿರಿ. ೧೮೬೪ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಹೋಗಿ, ಎತ್ತುವಾಗ ಬಿದ್ದು ತುಂಡುತುಂಡಾಯಿತು. ೧೯೧೪ರಲ್ಲಿ ತುಂಡುಗಳನ್ನು ಜೋಡಿಸಿದರು. ಈಗ ಅದು ಭಾಯಖಳಾದ ರಾಣಿಬಾಗಿನಲ್ಲಿ ನಿಂತಿದೆ. ಆ ಬಾಗಿನಲ್ಲಿಯೇ ಪ್ರಾಣಿಸಂಗ್ರಹಾಲಯವೂ ಇರುವುದರಿಂದ, ಚಿಕ್ಕವರು ಪೆಂಗ್ವಿನ್ ಹಕ್ಕಿಗಳನ್ನು ನೋಡಲು ಓಡುವರು, ಓಡಲಿ.

ಓವಲ್ ಮೈದಾನದ ಅಂಚಿನಲ್ಲಿ ವಿಶ್ವವಿದ್ಯಾಲಯ, ಅದರ ಮೇಲೆ ೨೮೦ ಅಡಿ ಎತ್ತರದ ರಾಜಾಬಾಯಿ ಗಡಿಯಾರದ ಗೋಪುರ. ೧೮೭೮ರಲ್ಲಿ ಮುಗಿದ ಈ ಗೋಪುರಕ್ಕೆ ಹಣವಿತ್ತವನು ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದ. ರಾಜಾಬಾಯಿ ಅವನ ತಾಯಿ. ಅಮೇರಿಕೆಯಲ್ಲಿ ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾಯಿತು. ಆಗ ಮುಂಬಯಿ ಬಂದರಿನಿಂದ ಹೋದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಹತ್ತಿ ಎಲ್ಲಿಯದು? ನಮ್ಮಂತಹ ಎರೆನೆಲದ್ದು. ಧಾರವಾಡದ ಸೀಮೆಯ ಹತ್ತಿಯು ಕುಮಟಾ ಬಂದರಿನಿಂದ ಮುಂಬಯಿಗೆ ಬರುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಯಿತು. ೧೮೬೫ರಲ್ಲಿ ಯುದ್ಧ ನಿಂತಿತು, ಬೆಲೆ ಬಿದ್ದಿತು, ಪ್ರೇಮಚಂದನೂ ದಿವಾಳಿಯಾದನು. ದಾನವಾಗಿ ಕೊಟ್ಟಿದ್ದು ಮಾತ್ರ ಉಳಿಯಿತು. ೧೮೫೭ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯದ ಪದವಿಗಳೇ ಧಾರವಾಡ, ಬೆಳಗಾವಿ, ವಿಜಾಪುರಗಳ ನಮ್ಮ ಹಿರಿಯರ ಪದವಿಗಳು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದುದೂ ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಬಂದಿತು. ಸಮೀಪದ ಹುತಾತ್ಮ ಚೌಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮಡಿದ ನೂರಕ್ಕೂ ಮಿಕ್ಕ ಜನರ ಸ್ಮಾರಕವಿದೆ. ೧೯೬೦ರ ಮೇ ೧ರಂದು ಹುಟ್ಟಿದ ಈ ರಾಜ್ಯದ ಪ್ರಜೆಗಳಾದ ನಾವು ಅಲ್ಲಿ ತಲೆಬಾಗಿ ಮುಂದೆ ಸಾಗತಕ್ಕದ್ದು.

ಗಾಮದೇವಿಯ ಮಣಿಭವನವನ್ನು ನಮ್ಮ ಮಕ್ಕಳು ಬಿಡಲೇಬಾರದು. ಎರಡು ಮಾಳಿಗೆಯ ಸಾಧಾರಣ ಮನೆ. ೧೯೧೭ರಿಂದ ೧೯೩೪ರ ವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗಲೆಲ್ಲ ಇಳಿಯುತ್ತಿದ್ದುದು ಇಲ್ಲಿ. ೧೯೩೨ರ ಜನವರಿ ೪ರ ನಸುಕಿನಲ್ಲಿ ಪೋಲೀಸರು ಅವರನ್ನು ಹಿಡಿದುದೂ ಇಲ್ಲಿಯೇ. ಅವರ ಕೋಣೆಯಲ್ಲಿ ಚರಕ, ಹಾಸಿಗೆ, ಗಿಡ್ಡ ಮೇಜು. ಗಾಂಧೀಜಿಯವರ ಜೀವನವನ್ನು ಗೊಂಬೆಗಳಿಂದ ತೋರಿಸುವ ಚಿಕ್ಕ ಪೆಟ್ಟಿಗೆಗಳೂ ಇವೆ. ೧೯೩೦ರ ಮೇ ತಿಂಗಳಲ್ಲಿ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಅವರನ್ನು ಬಂಧಿಸಿದ ಸುದ್ದಿ ಕೇಳಿ ಎದ್ದು ನಿಂತ ಊರು ನಮ್ಮ ಸೊಲ್ಲಾಪುರ. ಲಷ್ಕರೀ ಕಾಯಿದೆಯನ್ನು ಹೇರಿ ಸರಕಾರ ಅದನ್ನು ಅಡಗಿಸಬೇಕಾಯಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ ಈ ನಾಲ್ವರು ೧೯೩೧ರ ಜನವರಿ ೧೨ರಂದು ಯರವಡೆಯಲ್ಲಿ ಗಲ್ಲಿಗೇರಿದರು. ಆ ಕೋಣೆಯ ಮುಂದೆ ನಿಂತಾಗ ಈ ನಾಲ್ಕು ಹೆಸರುಗಳನ್ನು ಮೆಲ್ಲಗೆ ಹೇಳಿಕೊಳ್ಳಿರಿ. ಅಲ್ಲಿಂದ ಸಮೀಪದಲ್ಲಿಯೇ ೧೯೪೨ರ ಆಗಸ್ಟ್ ೮ರಂದು ಚಲೇಜಾವ್ ಘೋಷಣೆ ಮೊಳಗಿದ ಮೈದಾನ.

ಸಮುದ್ರವನ್ನು ಮೊದಲ ಸಲ ನೋಡುವವರೇ ನಮ್ಮಲ್ಲಿ ಹೆಚ್ಚು. ಗಿರಗಾಂವ ಚೌಪಾಟಿಯಲ್ಲಿ ಸಂಜೆ ಬಿಟ್ಟರೆ ಸಾಕು, ಅವರಿಗೆ ಉಪನ್ಯಾಸ ಬೇಕಾಗುವುದಿಲ್ಲ. ಲೋಕಮಾನ್ಯ ತಿಲಕರ ಅಂತ್ಯಸಂಸ್ಕಾರ ೧೯೨೦ರಲ್ಲಿ ಇದೇ ಮಳಲಿನ ಮೇಲೆ ನಡೆಯಿತೆಂಬುದಷ್ಟನ್ನು ತಿಳಿದಿರಲಿ. ಆದರೆ ಉಬ್ಬರ ಇಳಿತಗಳ ಪಾಠಕ್ಕೆ ಹಾಜಿ ಅಲಿ ದರ್ಗಾದಂತಹ ಶಾಲೆ ಬೇರೊಂದಿಲ್ಲ. ಸಮುದ್ರದೊಳಗಿನ ಆ ದರ್ಗಾಕ್ಕೆ ಹೋಗುವ ಹಾದಿಯು ಉಬ್ಬರದ ಕಾಲಕ್ಕೆ ನೀರಿನಲ್ಲಿ ಮುಳುಗಿ, ಇಳಿತದಲ್ಲಿ ಮತ್ತೆ ತೆರೆಯುತ್ತದೆ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು ೧೨ ತಾಸು ೨೫ ನಿಮಿಷ. ಇಂದು ಹತ್ತಕ್ಕೆ ಉಬ್ಬರವಾದರೆ ನಾಳೆ ಹತ್ತೂ ಐವತ್ತರ ಸುಮಾರಿಗೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ನೀರಿನ ಏರಿಳಿತ ಹೆಚ್ಚು. ಎರಡು ದಿನ ವೇಳೆಯನ್ನು ಬರೆದಿಟ್ಟುಕೊಂಡವನು ಚಂದ್ರನ ಸೆಳೆತವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹತ್ತಿರದ ವರಳಿಯ ನೆಹರೂ ವಿಜ್ಞಾನ ಕೇಂದ್ರವೂ ಅಂತಹದೇ. ೧೯೮೫ರಲ್ಲಿ ತೆರೆದ ಅಲ್ಲಿ ಯಂತ್ರಗಳನ್ನು ಮುಟ್ಟಿ, ತಿರುಗಿಸಿ ನೋಡಲು ಅಪ್ಪಣೆ ಇದೆ. ಮಲಬಾರ ಹಿಲ್ಲಿನ ತೂಗು ಉದ್ಯಾನ, ೨೦೦೯ರ ಬಾಂದ್ರಾ–ವರಳಿ ಸಮುದ್ರಸೇತುವೆ, ಇವುಗಳನ್ನು ಬಸ್ಸಿನ ಕಿಟಕಿಯಿಂದ ಕಂಡರೂ ನಷ್ಟವಿಲ್ಲ.

ದಾದರದ ಕಡಲ ಬದಿಯಲ್ಲಿ ಡಾ. ಅಂಬೇಡಕರರ ಚೈತ್ಯಭೂಮಿ. ೧೯೫೬ರ ಡಿಸೆಂಬರ್ ೭ರಂದು ಅವರ ಅಂತ್ಯಸಂಸ್ಕಾರವಾದ ಸ್ಥಳವಿದು. ದಾದರದಲ್ಲಿಯೇ ಅವರು ಪುಸ್ತಕಗಳಿಗಾಗಿಯೇ ಎಂಬಂತೆ ಕಟ್ಟಿಸಿದ ಮನೆ ರಾಜಗೃಹವೂ ಇದೆ. ಅಲ್ಲಿಂದ ಮಾಟುಂಗೆಗೆ ಬಂದರೆ ಒಮ್ಮೆಗೇ ಕಿವಿಗೆ ಕನ್ನಡ ಬೀಳುತ್ತದೆ. ಉಡುಪಿಯ ಊಟದ ಮನೆಗಳು, ೧೯೨೬ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇಲ್ಲಿವೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಬಾಲಕರು ಹಗಲೆಲ್ಲ ಹೋಟೆಲುಗಳಲ್ಲಿ ಬಸಿ ತೊಳೆದು, ರಾತ್ರಿಯ ಶಾಲೆಗಳಲ್ಲಿ ಕನ್ನಡದಲ್ಲಿಯೇ ಓದಿ, ವಕೀಲರೂ ಅಧ್ಯಾಪಕರೂ ಆದುದು ಈ ನಗರದಲ್ಲಿಯೇ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ನಗರಪಾಲಿಕೆ ನಡೆಸುವ ಕನ್ನಡ ಶಾಲೆಗಳೂ ಇವೆ. ಕನ್ನಡದಲ್ಲಿ ಕಲಿತರೆ ಮುಂದೇನು ಎಂದು ನಮ್ಮನ್ನು ಕೇಳುವ ಪಾಲಕರಿಗಾಗಿ ಮಾಟುಂಗೆಯನ್ನು ಪಟ್ಟಿಯಲ್ಲಿ ಸೇರಿಸಿದ್ದೇವೆ.

ಹೆಣ್ಣುಮಕ್ಕಳನ್ನು ಕಳಿಸಲು ಹಿಂದೆಗೆಯುವ ತಾಯಂದಿರಿಗೆ: ಶಾಲೆಯ ಶಿಕ್ಷಕಿಯರು ಅವರೊಡನೆಯೇ ಇರುವರು. ಪ್ರತಿಯೊಬ್ಬರ ಕಿಸೆಯಲ್ಲಿಯೂ ಹೆಸರು, ಶಾಲೆ, ನಾವು ಇಳಿಯುವ ಸ್ಥಳ ಬರೆದ ಚೀಟಿ ಇರತಕ್ಕದ್ದು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿರಲಿ. ಲೋಕಲ್ ಗಾಡಿಯನ್ನು ಮುಂಜಾನೆ, ಸಂಜೆಯ ನೂಕುನುಗ್ಗಲಿನಲ್ಲಿ ಹತ್ತಿಸುವುದಿಲ್ಲ. ಮಧ್ಯಾಹ್ನ ಒಂದು ಸಲ, ಬಾಗಿಲಲ್ಲಿ ನಿಲ್ಲದೆ. ಬಂಗಾರದ ಒಡವೆ ಬೇಡ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಎರಡು ದಿನ ನಿಶ್ಚಿಂತೆ.

ತಿರುಗಿ ಬರುವುದು ಹಗಲಿನ ಗಾಡಿಯಲ್ಲಿ. ಹೋಗುವಾಗ ನಿದ್ದೆಯಲ್ಲಿ ದಾಟಿದ ಭೋರಘಾಟವನ್ನು ಕಣ್ಣು ತೆರೆದು ನೋಡಬೇಕೆಂದು ಈ ಏರ್ಪಾಡು. ಕರ್ಜತದಲ್ಲಿ ಅನೇಕ ಗಾಡಿಗಳಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನುಗಳನ್ನು ಹಚ್ಚುತ್ತಾರೆ. ಅಲ್ಲಿಂದ ಲೋಣಾವಳೆಯ ವರೆಗಿನ ಸುಮಾರು ೨೮ ಕಿಲೋಮೀಟರಿನಲ್ಲಿ ಗಾಡಿಯು ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರವನ್ನು ಏರುತ್ತದೆ. ಕೆಲವೆಡೆ ೩೭ ಅಡಿ ನಡೆದರೆ ಒಂದು ಅಡಿ ಏರು. ೧೮೫೬ರಿಂದ ೧೮೬೩ರ ವರೆಗೆ ನಡೆದ ಈ ಕೆಲಸದಲ್ಲಿ ಕಾಲರಾ ಮುಂತಾದ ಬೇನೆಗಳಿಂದಲೂ ಅಪಘಾತಗಳಿಂದಲೂ ಸಹಸ್ರಾರು ಕೂಲಿಕಾರರು ಮಡಿದರು. ಗುತ್ತಿಗೆದಾರ ಟ್ರೆಡ್‌ವೆಲ್ ೧೮೫೯ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ, ಅವನ ಹೆಂಡತಿ ಆಲಿಸ್ ಗುತ್ತಿಗೆಯ ಹೊಣೆಯನ್ನು ತಾನೇ ಹೊತ್ತು, ಇಬ್ಬರು ಇಂಜಿನಿಯರರನ್ನು ನೇಮಿಸಿ ಕೆಲಸವನ್ನು ಕೊನೆಗಾಣಿಸಿದಳು. ಸುರಂಗಗಳನ್ನು ಎಣಿಸುವ ಕೆಲಸವನ್ನು ಹುಡುಗಿಯರಿಗೆ ವಹಿಸಿದ್ದೇವೆ. ಕಿಟಕಿಯ ಬದಿಯ ಸ್ಥಳಗಳೂ ಅವರಿಗೇ.